ವರ್ಲಿಯ ಖಾಲಿ ಖೋಲಿಗಳು

ಮುಂಬಯಿಯ ಬಿಡಿಡಿ ಚಾಳಗಳೆಂದರೆ ನಮ್ಮ ಕಣ್ಣಿಗೆ ಬರುವುದು ಕಿಕ್ಕಿರಿದ ಸಂಸಾರಗಳು. ಆದರೆ ಕಟ್ಟಿದ ಹೊಸತರಲ್ಲಿ ಅಲ್ಲಿನ ಸಾವಿರಾರು ಖೋಲಿಗಳಿಗೆ ಬಾಡಿಗೆದಾರರೇ ಸಿಗಲಿಲ್ಲ.

1920ರಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಹುಟ್ಟುಹಾಕಿದ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟಿನ ಗುರಿ 50,000 ಖೋಲಿಗಳು. ನಗರಕ್ಕೆ ಬರುವ ಹತ್ತಿಯ ಪ್ರತಿ ಅಂಡಿಗೆಗೂ ಒಂದು ರೂಪಾಯಿ ಸುಂಕ ಹಾಕಿ ಹಣ ಹೊಂದಿಸಿದರು. ವರ್ಲಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿಗಳಲ್ಲಿ ಕೊನೆಗೆ ಎದ್ದದ್ದು ಸುಮಾರು 16,000; ಒಂದೊಂದೂ 160 ಚದರಡಿ.

ಗಿರಣಿ ಕಾರ್ಮಿಕರಿಗೆ ಬಾಡಿಗೆ ದುಬಾರಿಯಾಯಿತು, ವರ್ಲಿ ದೂರವಾಯಿತು. ಅವರು ಗಿರಣಿ ಪಕ್ಕದ ಹಳೆಯ ಚಾಳಗಳಲ್ಲೇ ಒತ್ತರಿಸಿಕೊಂಡು ಉಳಿದರು. ಕಾನೂನುಭಂಗ ಚಳವಳಿಯ ಕಾಲಕ್ಕೆ ಸರ್ಕಾರ ವರ್ಲಿಯ ಖಾಲಿ ಚಾಳಗಳನ್ನು ತಾತ್ಕಾಲಿಕ ಜೈಲಾಗಿ ಬಳಸಿತು!

ಪ್ರಾಜೆಕ್ಟುಗಳ ಲೆಕ್ಕ ಒಪ್ಪಿಸುವುದೇ ನನ್ನ ಕೆಲಸ. ಎಷ್ಟು ಕಟ್ಟಿದೆವು ಎನ್ನುವುದು ಸುಲಭದ ಲೆಕ್ಕ. ಯಾರ ಸಂಬಳಕ್ಕೆ ಎಟುಕುತ್ತದೆ, ದುಡಿಮೆಯ ಜಾಗಕ್ಕೆ ಎಷ್ಟು ದೂರ ಎನ್ನುವುದೇ ನಿಜವಾದ ಲೆಕ್ಕ.

ವರ್ಲಿಯಲ್ಲಿ ಈಗ ಚಾಳ ಕೆಡವಿ, ಅಲ್ಲಿನವರಿಗೆ ಗೋಪುರಗಳಲ್ಲಿ 500 ಚದರಡಿಯ ಮನೆಯನ್ನು ಪುಕ್ಕಟೆ ಕೊಡಲಾಗುತ್ತಿದೆ. ಒಳ್ಳೆಯದೇ. ಲಿಫ್ಟು, ಪಂಪು, ಮೇಂಟೆನೆನ್ಸಿನ ಖರ್ಚನ್ನು ಆ ಸಂಸಾರಗಳು ಎಷ್ಟು ವರ್ಷ ಭರಿಸಬಲ್ಲವು ಎಂಬುದನ್ನೂ ನಾವು ಈಗಲೇ ಕೇಳಬೇಕು.