ಎಲ್ಲವೂ ಡಿಜಿಟಲ್ ಆದರೆ ಬಡವರಿಗೂ ಲಾಭ, ಪರಿಸರಕ್ಕೂ ಲಾಭವೇ?

"ಎಲ್ಲವೂ ಡಿಜಿಟಲ್ ಆದರೆ ಕಾಗದ ಉಳಿಯುತ್ತದೆ, ಮರ ಉಳಿಯುತ್ತದೆ, ಬಡವ ಬಲ್ಲಿದ ಎಲ್ಲರಿಗೂ ಸಮಾನ ಲಾಭ" ಎಂಬ ಅರ್ಥದ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ. ಇದು ಅರ್ಧ ಸತ್ಯ. ಉಳಿದರ್ಧ ಏನೆಂದು ನೋಡೋಣ.

ಇದರಲ್ಲಿ ನಿಜ ಯಾವುದು?

ಪಹಣಿಯನ್ನೇ ತೆಗೆದುಕೊಳ್ಳಿ. ಒಂದು ಕಾಲದಲ್ಲಿ ಅದಕ್ಕಾಗಿ ಗ್ರಾಮ ಲೆಕ್ಕಿಗರು ಸಿಗುವವರೆಗೂ ಅಲೆಯಬೇಕಿತ್ತು. ಕರ್ನಾಟಕದ 'ಭೂಮಿ' ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಭೂ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಆಮೇಲೆ ತಾಲ್ಲೂಕು ಕಚೇರಿಯ ಕೇಂದ್ರದಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು.

ಇನ್ನೊಂದು ಉದಾಹರಣೆ ಕೀನ್ಯಾ ದೇಶದ್ದು. ಅಲ್ಲಿ 2007ರಲ್ಲಿ ಎಂ-ಪೆಸಾ ಎಂಬ ಮೊಬೈಲ್ ಹಣ ಸೇವೆ ಶುರುವಾಯಿತು. ಅದರಿಂದ ಸುಮಾರು 1.94 ಲಕ್ಷ ಕುಟುಂಬಗಳು ಬಡತನದಿಂದ ಹೊರಬಂದವು ಎಂದು 2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಅಂದಾಜಿಸಿತು. ಗಮನಿಸಿ: ಈ ಸೇವೆಗೆ ಸ್ಮಾರ್ಟ್‌ಫೋನ್ ಬೇಕಿರಲಿಲ್ಲ. ಬಟನ್ ಫೋನ್ ಸಾಕಿತ್ತು. ನಗದು ಕೊಡಲು, ಪಡೆಯಲು ಊರಿನಲ್ಲೇ ಏಜೆಂಟರಿದ್ದರು.

ಹೊರಗುಳಿಯುವವರು ಯಾರು?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದ ಪುರುಷರು ಶೇ 57. ಮಹಿಳೆಯರು ಶೇ 33 ಮಾತ್ರ. ಆನ್‌ಲೈನ್‌ನಲ್ಲಷ್ಟೇ ಸಿಗುವ ಸೇವೆ ಇಂಥವರಿಗೆ ಬಾಗಿಲು ಮುಚ್ಚಿದಂತೆಯೇ.

ನ್ಯಾಯಬೆಲೆ ಅಂಗಡಿಯಲ್ಲೂ ಹೀಗಾಗುತ್ತದೆ. ಕೂಲಿ ಮಾಡಿ ಕೈ ಸವೆದವರ, ವಯಸ್ಸಾದವರ ಬೆರಳಚ್ಚನ್ನು ಯಂತ್ರ ಕೆಲವೊಮ್ಮೆ ಗುರುತಿಸುವುದಿಲ್ಲ. ನೆಟ್‌ವರ್ಕ್ ಇಲ್ಲದಿದ್ದರೂ ಇದೇ ಕಥೆ. ಆದರೆ ಈ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದು ಎಂದು ಕೇಂದ್ರ ಸರ್ಕಾರ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಸೂಚಿಸಿದೆ.

ಪರಿಸರದ ಲೆಕ್ಕ ಏನು?

ಕಾಗದ ಉಳಿಯುವುದು ನಿಜ. ಆದರೆ ನಾವು ಕಳಿಸುವ ಫೋಟೋ, ವಿಡಿಯೋ ಗಾಳಿಯಲ್ಲಿ ಇರುವುದಿಲ್ಲ. ಅವು ಹಗಲೂ ರಾತ್ರಿ ಓಡುವ ಡೇಟಾ ಸೆಂಟರ್‌ಗಳಲ್ಲಿ ಇರುತ್ತವೆ. 2024ರಲ್ಲಿ ಜಗತ್ತಿನ ಒಟ್ಟು ವಿದ್ಯುತ್ ಬಳಕೆಯಲ್ಲಿ ಸುಮಾರು ಶೇ 1.5 ಭಾಗ ಇವುಗಳದ್ದು ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹೇಳಿದೆ. ಆ ಕರೆಂಟು ಬಿಸಿಲಿನಿಂದ ಬಂದರೆ ಒಂದು ಲೆಕ್ಕ, ಕಲ್ಲಿದ್ದಲಿನಿಂದ ಬಂದರೆ ಬೇರೆಯೇ ಲೆಕ್ಕ. ಭಾರತದಲ್ಲಿ ಇಂದಿಗೂ ಹೆಚ್ಚಿನ ಕರೆಂಟು ಕಲ್ಲಿದ್ದಲಿನದ್ದು.

ಹಳೆಯ ಫೋನು, ಚಾರ್ಜರುಗಳದ್ದೂ ದೊಡ್ಡ ಸಮಸ್ಯೆ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಂತು. ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಕಳಿಸಿದ ದಾಖಲೆ ಇರುವುದು ಅದರಲ್ಲಿ ಶೇ 22ಕ್ಕೆ ಮಾತ್ರ.

ನಾವೇನು ಮಾಡಬಹುದು?

• ಬೆರಳಚ್ಚು ಹೊಂದಲಿಲ್ಲವೆಂದು ಪಡಿತರ ಕೊಡದಿದ್ದರೆ ಬರಿಗೈಲಿ ಮರಳಬೇಡಿ. ಬೇರೆ ವಿಧಾನದಲ್ಲಿ ಕೊಡುವಂತೆ ಕೇಳಿ; ಆಗದಿದ್ದರೆ ತಾಲ್ಲೂಕಿನ ಆಹಾರ ಶಾಖೆಗೆ ದೂರು ಕೊಡಿ.
• ಮನೆಯ ಹಿರಿಯರ ಬಳಿ ಬಟನ್ ಫೋನ್ ಇದ್ದರೆ, 2022ರಲ್ಲಿ ಬಂದ ಯುಪಿಐ 123ಪೇ ಮೂಲಕ ಇಂಟರ್ನೆಟ್ ಇಲ್ಲದೆಯೂ ಹಣ ಕಳಿಸಬಹುದು. ಪಿನ್ ಮಾತ್ರ ಯಾರಿಗೂ ಹೇಳಬಾರದು.
• ಫೋನ್ ತಯಾರಿಸುವಾಗಲೇ ಅದರ ಒಟ್ಟು ಮಾಲಿನ್ಯದ ಬಹುಪಾಲು ಆಗಿಬಿಡುತ್ತದೆ. ಹಾಗಾಗಿ ಇರುವ ಫೋನನ್ನು ಇನ್ನೆರಡು ವರ್ಷ ಬಳಸುವುದೇ ದೊಡ್ಡ ಉಳಿತಾಯ. ಕೆಟ್ಟದ್ದನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ.

ಒಟ್ಟಿನಲ್ಲಿ

ಡಿಜಿಟಲ್ ವ್ಯವಸ್ಥೆ ರಸ್ತೆ ಇದ್ದಂತೆ. ರಸ್ತೆ ಹಾಕಿದ ಮಾತ್ರಕ್ಕೆ ಎಲ್ಲರೂ ಊರು ಸೇರುವುದಿಲ್ಲ. ನಡೆದು ಬರುವವರಿಗೂ ಅದರಲ್ಲಿ ಜಾಗವಿರಬೇಕು. ಆ ಸಂದೇಶ ಮತ್ತೆ ಬಂದರೆ, ಫಾರ್ವರ್ಡ್ ಮಾಡುವಾಗ ಉಳಿದರ್ಧ ಸತ್ಯವನ್ನೂ ಸೇರಿಸಿ ಕಳಿಸಿ.