ಬಲಗಡೆ ಬಟನ್ ಮೊದಲು ಸವೆಯುತ್ತದೆ

ಹದಿನಾರು ಎಂದರೆ ಚರಿತ್ರೆ ಓದಿದವರಿಗೆ ನೆನಪಾಗುವುದು ಒಂದೇ ಸಂಗತಿ. 1399ರಲ್ಲಿ ಯದುರಾಯ, ಕೃಷ್ಣರಾಯ ಎಂಬ ಅಣ್ಣತಮ್ಮಂದಿರು ಈ ಕಡೆ ಬಂದು ಇಲ್ಲಿನ ನಾಯಕನ ಮನೆತನಕ್ಕೆ ಎದುರಾಗಿದ್ದ ಆಪತ್ತನ್ನು ಕಳೆದರು, ಮೈಸೂರಿನ ಒಡೆಯರ ವಂಶ ಅಲ್ಲಿಂದ ಶುರುವಾಯಿತು ಎಂಬ ಐತಿಹ್ಯ. ಪುಸ್ತಕಗಳಲ್ಲಿ ನಮ್ಮೂರಿಗೆ ಸಿಕ್ಕಿರುವುದು ಆ ಒಂದು ಪ್ಯಾರಾ. ಇನ್ನು ಬಿ.ಎಲ್. ರೈಸ್ 1894ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟ ಹೊರತಂದಾಗ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಅದರಲ್ಲಿ ಸೇರಿದವು. ಅರಸರು ಕೊಟ್ಟ ದತ್ತಿ, ಊರಿಗಾಗಿ ಸತ್ತವರ ವೀರಗಲ್ಲು, ಕೆರೆ, ಗುಡಿ. ಕಲ್ಲಿನ ಮೇಲೆ ಬರೆಸಿಕೊಳ್ಳುವ ಯೋಗ ಎಲ್ಲಕ್ಕೂ ಇರುವುದಿಲ್ಲ. ಈ ಲೇಖನ ಅಂಥ ಯೋಗವಿಲ್ಲದ ಒಂದು ವಸ್ತುವಿನದು: ಟಿವಿ ಗೇಮಿನ ರಿಮೋಟು.

ರಿಮೋಟು ಎಂದೇ ಕರೆಯುತ್ತೇನೆ, ನಾವೆಲ್ಲ ಕರೆದದ್ದು ಹಾಗೆಯೇ. ಕಂಟ್ರೋಲರ್ ಎಂಬ ಮಾತು ಆಮೇಲೆ ಬಂತು. ಕಾರ್ಟ್ರಿಜ್ಜಿಗೂ ನಮ್ಮಲ್ಲಿದ್ದ ಹೆಸರು ಕ್ಯಾಸೆಟ್. ನನ್ನ ಸಂಶೋಧನೆ ಇರುವುದು ಮೈಸೂರು ಸೀಮೆಯ ರೇಡಿಯೋ, ಟಿವಿ ರಿಪೇರಿ ಅಂಗಡಿಗಳ ಮೇಲೆ. ಹೀಗೆ ಸುತ್ತುವಾಗ ಎರಡು ತಾಲ್ಲೂಕುಗಳಲ್ಲೂ ಕೆಟ್ಟ ರಿಮೋಟುಗಳು ತುಂಬಿದ ಡಬ್ಬಗಳು ಸಿಕ್ಕವು. ರಿಪೇರಿಗೆ ಕೊಟ್ಟವರು ವಾಪಸು ಬರಲಿಲ್ಲ. ಅಂಗಡಿಯವರು ಎಸೆಯಲೂ ಇಲ್ಲ.

ಈ ರಿಮೋಟಿನ ಮೂಲ ಜಪಾನಿನಲ್ಲಿದೆ. ನಿಂಟೆಂಡೋ ಕಂಪನಿ 1983ರ ಜುಲೈನಲ್ಲಿ ಫ್ಯಾಮಿಕಾಮ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಅದನ್ನು ರೂಪಿಸಿದವರು ಮಸಾಯುಕಿ ಉಎಮುರಾ. ಆ ಹೊತ್ತಿಗೆ ಅಮೆರಿಕದ ಅಟಾರಿ ಯಂತ್ರಕ್ಕೆ ಎದ್ದು ನಿಲ್ಲುವ ಕಡ್ಡಿಯಂಥ ಜಾಯ್‌ಸ್ಟಿಕ್ ಇತ್ತು. ಜಪಾನಿನಲ್ಲಿ ಅದನ್ನು ಕೈಬಿಟ್ಟದ್ದಕ್ಕೆ ಒಂದು ಕಾರಣ, ನೆಲದ ಮೇಲೆ ಬಿದ್ದಿರುವ ಕಡ್ಡಿಯನ್ನು ಮಕ್ಕಳು ತುಳಿದು ಮುರಿದಾರು ಎಂಬ ಅಂಜಿಕೆ. ಹಾಗಾಗಿ ಗುನ್‌ಪೇ ಯೋಕೊಯ್ 1982ರ ಕೈಯಾಟಿಕೆಯೊಂದಕ್ಕೆ ಅಳವಡಿಸಿದ್ದ ಚಪ್ಪಟೆ ಕೂಡುಗುರುತಿನ ಬಟನ್ ಇಲ್ಲಿಗೂ ಬಂತು. ಅದು ನೆಲದ ಮೇಲೆ ಕೂತು ಆಡುವ ಮನೆಗಾಗಿ ಹುಟ್ಟಿದ ವಸ್ತು. ಚಾಪೆ ಹಾಸಿ ಟಿವಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂರುವ ನಮ್ಮ ಮನೆಗಳಿಗೂ ಅದು ಒಗ್ಗಿಹೋದದ್ದು ಆಶ್ಚರ್ಯವಲ್ಲ.

ಆದರೆ ನಮ್ಮಲ್ಲಿಗೆ ಬಂದದ್ದು ಬಹುಮಟ್ಟಿಗೆ ಅದರ ನಕಲುಗಳು. ತೊಂಬತ್ತರ ದಶಕದಲ್ಲಿ ಫ್ಯಾಮಿಕಾಮನ್ನು ಹೋಲುವ ಅಗ್ಗದ ಯಂತ್ರಗಳು ಬೇರೆ ಬೇರೆ ಹೆಸರು ಹೊತ್ತು ಭಾರತದ ಊರೂರಿಗೆ ಬಂದವು. ಅಸಲಿಗೂ ನಕಲಿಗೂ ಇರುವ ವ್ಯತ್ಯಾಸ ಕಾಣಬೇಕಾದರೆ ರಿಮೋಟಿನ ಸ್ಕ್ರೂ ಬಿಚ್ಚಬೇಕು.

ಅಸಲಿಯಲ್ಲಿ 4021 ಎಂಬ ಸಾಮಾನ್ಯ ಐಸಿ ಇರುತ್ತದೆ. ಅದರ ಕೆಲಸ ಸರಳ. ಎಂಟು ಬಟನ್‌ಗಳಲ್ಲಿ ಯಾವುದು ಒತ್ತಿದೆ, ಯಾವುದು ಇಲ್ಲ ಎಂದು ಒಮ್ಮೆಲೇ ನೋಡಿಕೊಂಡು, ಆ ಎಂಟು ಉತ್ತರಗಳನ್ನು ಒಂದರ ಹಿಂದೊಂದು ಒಂದೇ ತಂತಿಯಲ್ಲಿ ಕಳಿಸುವುದು. ಆದ್ದರಿಂದ ಎಂಟು ಬಟನ್ನಿಗೆ ಐದೇ ತಂತಿ ಸಾಕು: ಕರೆಂಟಿಗೆ ಎರಡು, 'ಈಗ ನೋಡು' ಎನ್ನಲು ಒಂದು, 'ಮುಂದಿನದು ಹೇಳು' ಎನ್ನಲು ಒಂದು, ಉತ್ತರಕ್ಕೆ ಒಂದು. ಆ ಐಸಿ ಸುಟ್ಟರೆ ಬೇರೆ ಹಾಕಬಹುದು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಜಾಗದಲ್ಲಿ ಹುಡುಕಬಹುದಾದ ಮಾಲು ಅದು. ನಕಲಿನಲ್ಲಿ ಆ ಜಾಗದಲ್ಲಿ ಕರಿ ಅಂಟಿನ ಗುಪ್ಪೆಯೊಂದು ಇರುತ್ತದೆ. ಚಿಪ್ಪು ಅದರೊಳಗೆ ಹೂತಿರುತ್ತದೆ. ಅದು ಹೋಯಿತೆಂದರೆ ಹೋಯಿತು.

ಅದೃಷ್ಟಕ್ಕೆ ಮೊದಲು ಹೋಗುವುದು ಚಿಪ್ಪಲ್ಲ. ಎಲ್ಲ ಬಟನ್ನೂ ಒಟ್ಟಿಗೆ ಸತ್ತರೆ ತಂತಿ ತುಂಡಾಗಿದೆ ಎಂದು ಮೊದಲ ಅನುಮಾನ. ಆಟ ಮುಗಿಸಿ ರಿಮೋಟಿಗೆ ಬಿಗಿಯಾಗಿ ಸುತ್ತಿಡುವ ಅಭ್ಯಾಸದಿಂದ, ಡಬ್ಬಿಯೊಳಗೆ ತಂತಿ ನುಗ್ಗುವ ಕಡೆ ಮಡಿಕೆ ಬಿದ್ದು ಒಳಗಿನ ಎಳೆ ಮುರಿಯುತ್ತದೆ. ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿಯೇ ಕಾಣುತ್ತದೆ. ಮಲ್ಟಿಮೀಟರಿನಲ್ಲಿ ಒಂದೊಂದೇ ಎಳೆ ಪರೀಕ್ಷಿಸಿ, ಮುರಿದ ತುದಿ ಕತ್ತರಿಸಿ, ಉಳಿದದ್ದನ್ನು ಮತ್ತೆ ಬೆಸುಗೆ ಹಾಕಿದರೆ ರಿಮೋಟು ಬದುಕುತ್ತದೆ. ಪ್ರತಿ ರಿಪೇರಿಗೂ ತಂತಿ ಎರಡು ಇಂಚು ಗಿಡ್ಡವಾಗುತ್ತದೆ, ಆಡುವ ಹುಡುಗ ಟಿವಿಗೆ ಎರಡು ಇಂಚು ಹತ್ತಿರವಾಗುತ್ತಾನೆ.

ಒಂದೇ ಬಟನ್ ಸತ್ತರೆ ತಪ್ಪು ರಬ್ಬರಿನದು. ಬಟನ್ ಕೆಳಗಿನ ರಬ್ಬರಿಗೆ ಇಂಗಾಲ ಬೆರೆತ ಕರಿ ಬಿಲ್ಲೆ ಅಂಟಿರುತ್ತದೆ. ಒತ್ತಿದಾಗ ಅದು ಬೋರ್ಡಿನ ಎರಡು ಗೆರೆಗಳನ್ನು ಸೇರಿಸುತ್ತದೆ. ಕೊಳೆಯಾಗಿದ್ದರೆ ಸ್ಪಿರಿಟ್ಟಿನಲ್ಲಿ ಒರೆಸಿದರೆ ಸಾಕು. ಬಿಲ್ಲೆಯೇ ಸವೆದಿದ್ದರೆ ಪೆನ್ಸಿಲ್ಲಿನ ಸೀಸ ಉಜ್ಜುವುದು ಕೆಲವು ದಿನದ ಮದ್ದು. ಕೆಟ್ಟ ಟಿವಿ ರಿಮೋಟಿನಿಂದ ಬಿಲ್ಲೆ ಕತ್ತರಿಸಿ ಅಂಟಿಸುವುದು ಹೆಚ್ಚು ಬಾಳುವ ದಾರಿ. ಬೋರ್ಡಿನ ಕರಿ ಗೆರೆಯನ್ನು ಮಾತ್ರ ಉಪ್ಪುಕಾಗದದಿಂದ ಉಜ್ಜಬಾರದು. ಕರಿ ಎಂದರೆ ಕೊಳೆ ಎಂದುಕೊಂಡು ಉಜ್ಜಿದವರು ಕರೆಂಟು ಹರಿಯುವ ಪದರವನ್ನೇ ತೆಗೆದುಹಾಕುತ್ತಾರೆ.

ಈಗ ನನ್ನ ಡಬ್ಬಗಳಿಗೆ ಬರುತ್ತೇನೆ. ಬಿಚ್ಚಿ ನೋಡಿದ ರಿಮೋಟುಗಳಲ್ಲಿ ಹೆಚ್ಚಿನವಕ್ಕೆ ಸವೆದದ್ದು ಬಲಗಡೆಯ ಬಿಲ್ಲೆ. ಎಡಗಡೆಯದು ಹೊಸದರಂತಿತ್ತು. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಡಿದವರಿಗೆ ಕಾರಣ ಹೊಳೆದಿರಬೇಕು. ಆ ಆಟದಲ್ಲಿ ಲೋಕ ಬಲಕ್ಕೆ ಮಾತ್ರ ಸರಿಯುತ್ತದೆ, ದಾಟಿಬಂದ ಜಾಗಕ್ಕೆ ಪರದೆ ಹಿಂತಿರುಗುವುದಿಲ್ಲ. ಹೆಸರು ಬರೆದಿಡದ ಮಕ್ಕಳು, ಕರೆಂಟು ಇದ್ದಷ್ಟು ಹೊತ್ತು ಬಲಕ್ಕೆ ಒತ್ತಿದ್ದರು. ಆ ಬಿಲ್ಲೆಯ ಮೇಲೆ ಉಳಿದದ್ದು ಅವರ ಹೆಬ್ಬೆರಳಿನ ಲೆಕ್ಕ. ಅಂಗಡಿಯವರಿಗೆ ಇದು ಯಾವಾಗಲೋ ಗೊತ್ತಿತ್ತು. ಬಲಗಡೆ ಬಟನ್ನಿಗೆಂದೇ ಬಿಲ್ಲೆ ಕತ್ತರಿಸಿ ಇಟ್ಟುಕೊಂಡಿರುತ್ತಿದ್ದರಂತೆ.

ತಂತ್ರಜ್ಞಾನದ ಚರಿತ್ರೆಯನ್ನು ಹೊಸ ಆವಿಷ್ಕಾರಗಳಿಂದಲ್ಲ, ಬಳಕೆ ಮತ್ತು ದುರಸ್ತಿಯಿಂದ ಬರೆಯಬೇಕು ಎಂದು ವಾದಿಸಿದವರಲ್ಲಿ ಇತಿಹಾಸಕಾರ ಡೇವಿಡ್ ಎಡ್ಜರ್ಟನ್ ಮುಖ್ಯರು. ಆವಿಷ್ಕಾರದ ಚರಿತ್ರೆಯಲ್ಲಿ ಹದಿನಾರಿಗೆ ಜಾಗವಿಲ್ಲ. ಬಳಕೆಯ ಚರಿತ್ರೆಯಲ್ಲಿ ಇದೆ. ಆದರೆ ಇಲ್ಲಿ ಒಂದು ಇಕ್ಕಟ್ಟೂ ಇದೆ. ಸವೆದ ಬಿಲ್ಲೆ ನನಗೆ ದಾಖಲೆ, ರಿಪೇರಿಯವರಿಗೆ ರೋಗ. ಅದನ್ನು ಸರಿಮಾಡಿದರೆ ಸಾಕ್ಷ್ಯ ಅಳಿಯುತ್ತದೆ. ಸರಿಮಾಡದೆ ಗಾಜಿನ ಪೆಟ್ಟಿಗೆಯಲ್ಲಿಟ್ಟರೆ, ಆ ಆಟ ಬೆರಳಿಗೆ ಹೇಗಿತ್ತು ಎಂಬುದು ಯಾರಿಗೂ ತಿಳಿಯುವುದಿಲ್ಲ.

ರಿಪೇರಿಗೇ ಸಿಗದ ಒಂದು ಕೇಸು ಈ ಇಕ್ಕಟ್ಟನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಬಾತುಕೋಳಿ ಹೊಡೆಯುವ ಆಟದ ಗನ್ನು ನೆನಪಿದೆಯೇ? ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಕೆರೆಯ ಊರಿನ ಮಕ್ಕಳಿಗೆ ಆ ಆಟ ಬೇರೆಯೇ ಮೋಜು. ಆ ಗನ್ನು ಏನನ್ನೂ ಹಾರಿಸುವುದಿಲ್ಲ, ನೋಡುತ್ತದೆ ಅಷ್ಟೇ. ಗುಂಡಿ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಹಕ್ಕಿಯ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ. ಗನ್ನಿನೊಳಗಿನ ಬೆಳಕು ಹಿಡಿಯುವ ಬಿಡಿಭಾಗಕ್ಕೆ ಆ ಬಿಳಿ ಕಂಡರೆ ಹಕ್ಕಿ ಬಿತ್ತು ಎಂದು ಲೆಕ್ಕ. ಈ ಹೊಂದಾಣಿಕೆ ನಡೆಯುವುದು ಹಳೆಯ ಡುಬ್ಬು ಟಿವಿಯಲ್ಲಿ ಮಾತ್ರ. ಈಗಿನ ಚಪ್ಪಟೆ ಟಿವಿ ಚಿತ್ರವನ್ನು ಬೇರೆ ಬಗೆಯಲ್ಲಿ, ತುಸು ತಡವಾಗಿ ತೋರಿಸುವುದರಿಂದ ಗನ್ನಿಗೆ ಏನೂ ಕಾಣಿಸುವುದಿಲ್ಲ. ಬಿಚ್ಚಿ ನೋಡಿದರೆ ಗನ್ನು ಸರಿಯಾಗಿಯೇ ಇರುತ್ತದೆ. ಕೆಟ್ಟದ್ದು ಅದರ ಸುತ್ತಲ ಲೋಕ.

ರಿಪೇರಿ ಅಂಗಡಿಗಳ ಪಾಡೂ ಹೀಗೇ ಇದೆ. ಕೈಗೆ ಕೆಲಸ ಗೊತ್ತಿದೆ, ಅದನ್ನು ಕೇಳುವ ವಸ್ತುಗಳು ಮರೆಯಾಗಿವೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿಗಾಗಿ ಪೋರ್ಟಲ್ ತೆರೆಯಿತು. ಕಂಪನಿಗಳು ಕೈಪಿಡಿ, ಬಿಡಿಭಾಗ, ವಾರಂಟಿಗಳ ಮಾಹಿತಿಯನ್ನು ಅಲ್ಲಿ ಒದಗಿಸಬೇಕೆಂಬುದು ಆಶಯ. ಒಳ್ಳೆಯದೇ. ಆದರೆ ಹೆಸರಿಲ್ಲದ ನಕಲಿ ಯಂತ್ರಕ್ಕೆ ಕೈಪಿಡಿ ಬರೆಯುವವರು ಯಾರು? ಅದರ ಕೈಪಿಡಿ ಇರುವುದು ಕಣ್ಣು ಮಂಜಾಗುತ್ತಿರುವ ಕೆಲವು ಹಿರಿಯರ ಬೆರಳುಗಳಲ್ಲಿ.

ನಾನು ಈಗ ಪಾಲಿಸುತ್ತಿರುವ ಕ್ರಮ ಇಷ್ಟು. ಬಿಚ್ಚುವ ಮೊದಲು ಫೋಟೊ. ತೆಗೆದ ಬಿಲ್ಲೆ, ಕತ್ತರಿಸಿದ ತಂತಿ ಒಂದು ಲಕೋಟೆಗೆ. ಲಕೋಟೆಯ ಮೇಲೆ ಯಾವ ಊರು, ಯಾವ ಬಟನ್, ಹಿಂದೆ ಎಷ್ಟು ಬೆಸುಗೆ ಬಿದ್ದಿತ್ತು ಎಂಬ ವಿವರ. ಆಮೇಲೆ ಹೊಸ ಬಿಲ್ಲೆ ಹಾಕಿ ಆಡಲು ಬಿಡುವುದು. ಸಾಕ್ಷ್ಯವೂ ಉಳಿಯುತ್ತದೆ, ಆಟವೂ ಉಳಿಯುತ್ತದೆ. ಶಾಸನದ ಪಡಿಯಚ್ಚು ತೆಗೆದವರೂ ಮಾಡಿದ್ದು ಇಂಥದ್ದೇ: ಕಲ್ಲನ್ನು ಊರಲ್ಲೇ ಬಿಟ್ಟು ಅಕ್ಷರವನ್ನು ಒಯ್ದರು.

ನಿಮ್ಮ ಅಟ್ಟದಲ್ಲೂ ಅಂಥದ್ದೊಂದು ಇದ್ದರೆ, ಗುಜರಿಗೆ ಹಾಕುವ ಮುನ್ನ ಒಮ್ಮೆ ಬಿಚ್ಚಿ ನೋಡಿ. ಒಳಗೆ ಬೆಸುಗೆಯ ಗುರುತು ಕಂಡರೆ, ಅದನ್ನು ಹಾಕಿಕೊಟ್ಟವರು ಯಾರು, ಅವರ ಅಂಗಡಿ ಯಾವ ಬೀದಿಯಲ್ಲಿತ್ತು ಎಂದು ಮನೆಯವರನ್ನು ಕೇಳಿ ಬರೆದಿಡಿ.