ರಂಗಶಿಕ್ಷಣ ಸಂಸ್ಥೆಗಳ ಪ್ರವೇಶ ಹಾಗೂ ಊರು ಬಿಡುವ ಮುನ್ನಿನ ಸಿದ್ಧತೆ: ಬೀದರ, ಭಾಲ್ಕಿ ಮತ್ತು ಔರಾದ ಭಾಗದ ವಿದ್ಯಾರ್ಥಿಗಳಿಗೆ ಮಾಹಿತಿ

ಶಾಲಾ ವಾರ್ಷಿಕೋತ್ಸವ, ಕಾಲೇಜಿನ ಯುವಜನೋತ್ಸವ ಮತ್ತು ಜಾತ್ರೆಯ ನಾಟಕಗಳಲ್ಲಿ ಪಾತ್ರ ವಹಿಸಿ, ಮುಂದೆ ರಂಗಭೂಮಿಯನ್ನೇ ವ್ಯಾಸಂಗದ ವಿಷಯವಾಗಿ ಆರಿಸಿಕೊಳ್ಳಲು ಬಯಸುವ ವಿದ್ಯಾರ್ಥಿಗಳು ಬೀದರ ಜಿಲ್ಲೆಯಲ್ಲಿ ಪ್ರತಿ ವರ್ಷವೂ ಕಂಡುಬರುತ್ತಾರೆ. ಈ ವ್ಯಾಸಂಗಕ್ಕಾಗಿ ಊರು ಬಿಡುವುದು ಅನಿವಾರ್ಯ. ಕನ್ನಡ ಮಾಧ್ಯಮದ ಪ್ರಮುಖ ರಂಗಶಾಲೆಗಳೆಲ್ಲವೂ ರಾಜ್ಯದ ಮಧ್ಯ ಮತ್ತು ದಕ್ಷಿಣ ಭಾಗದಲ್ಲಿವೆ. ಆದ್ದರಿಂದ ಎಲ್ಲಿಗೆ, ಯಾವಾಗ, ಯಾವ ವಿದ್ಯಾರ್ಹತೆಯೊಂದಿಗೆ ಹೋಗಬೇಕೆಂಬುದನ್ನು ವಿದ್ಯಾರ್ಥಿಗಳೂ ಪಾಲಕರೂ ಕೂಡಿ ಮೊದಲೇ ನಿರ್ಧರಿಸುವುದು ಸೂಕ್ತ. ಈ ಪುಟದಲ್ಲಿ ಅದಕ್ಕೆ ಅಗತ್ಯವಾದ ಮಾಹಿತಿಯನ್ನು ನೀಡಲಾಗಿದೆ.

ಪದವಿಗೆ ಮುನ್ನವೋ, ಪದವಿಯ ನಂತರವೋ?

ಸಂಸ್ಥೆಯ ಆಯ್ಕೆಯು ಬಹುಮಟ್ಟಿಗೆ ಈ ಪ್ರಶ್ನೆಯನ್ನು ಅವಲಂಬಿಸಿದೆ. ನವದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯು 1959ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಅಂಗವಾಗಿ ಆರಂಭವಾಗಿ, 1975ರಿಂದ ಸ್ವತಂತ್ರ ಸಂಸ್ಥೆಯಾಗಿದೆ. ಇಲ್ಲಿನ ಮೂರು ವರ್ಷಗಳ ಡಿಪ್ಲೊಮಾಗೆ ಯಾವುದೇ ವಿಷಯದ ಪದವಿ, ಕನಿಷ್ಠ ಆರು ನಾಟಕಗಳಲ್ಲಿ ಭಾಗವಹಿಸಿದ ಅನುಭವ ಹಾಗೂ ಹಿಂದಿ ಮತ್ತು ಇಂಗ್ಲಿಷ್ ಭಾಷೆಗಳ ವ್ಯವಹಾರಜ್ಞಾನವನ್ನು ಕೇಳಲಾಗುತ್ತದೆ. ವಯೋಮಿತಿಯೂ ಇರುತ್ತದೆ. ಹೈದರಾಬಾದ್ ವಿಶ್ವವಿದ್ಯಾಲಯದ ರಂಗಕಲಾ ವಿಭಾಗದ ಸ್ನಾತಕೋತ್ತರ ವ್ಯಾಸಂಗಕ್ಕೂ ಪದವಿ ಅಗತ್ಯ.

ಕನ್ನಡದ ಒಂದು ವರ್ಷದ ಡಿಪ್ಲೊಮಾ ಶಾಲೆಗಳ ರೀತಿ ಬೇರೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಸ್ಥಾಪನೆಯಾದ ನೀನಾಸಂ, ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಮೈಸೂರಿನ ರಂಗಾಯಣವು ಭಾರತೀಯ ರಂಗಶಿಕ್ಷಣ ಕೇಂದ್ರವನ್ನು ನಡೆಸುತ್ತಿದೆ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಶ್ರೀ ಶಿವಕುಮಾರ ರಂಗಪ್ರಯೋಗ ಶಾಲೆ ಇದೆ. ಈ ಶಾಲೆಗಳಲ್ಲಿ ಅಂಕಗಳಿಗಿಂತ ಸಂದರ್ಶನ ಮತ್ತು ಪ್ರಾತ್ಯಕ್ಷಿಕೆಗೆ ಹೆಚ್ಚಿನ ಮಹತ್ವವಿದೆ. ಕನಿಷ್ಠ ವಿದ್ಯಾರ್ಹತೆ ಮತ್ತು ವಯೋಮಿತಿಯನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡತಕ್ಕದ್ದು. ಬೆಂಗಳೂರಿನ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿರುವ ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರದಲ್ಲಿ ದಕ್ಷಿಣ ರಾಜ್ಯಗಳ ಅಭ್ಯರ್ಥಿಗಳಿಗಾಗಿ ಒಂದು ವರ್ಷದ ತರಬೇತಿ ನಡೆಯುತ್ತದೆ.

ಪದವಿಯ ಎರಡನೆಯ ವರ್ಷದಲ್ಲಿ ವರ್ಗಾವಣೆ ಪತ್ರ ಪಡೆದು ರಂಗಶಾಲೆಗೆ ಹೊರಟುಹೋಗುವುದು ಉತ್ಸಾಹದ ನಿರ್ಧಾರವೇ ಹೊರತು ಲಾಭದ ನಿರ್ಧಾರವಲ್ಲ. ಒಂದು ವರ್ಷದ ಡಿಪ್ಲೊಮಾ ಮುಗಿಸಿ ಬಂದವರಿಗೆ ಮುಂದಿನ ಹೆಜ್ಜೆ ದೆಹಲಿಯಾದರೂ ಹೈದರಾಬಾದಾದರೂ ಪದವಿ ಪ್ರಮಾಣಪತ್ರವನ್ನು ಕೇಳಿಯೇ ಕೇಳುತ್ತಾರೆ. ರಂಗಶಾಲೆಯ ದಿನಚರಿಯು ಬೆಳಗಿನ ವ್ಯಾಯಾಮದಿಂದ ರಾತ್ರಿಯ ತಾಲೀಮಿನವರೆಗೆ ಇರುವುದರಿಂದ, ಅದರೊಡನೆಯೇ ಪದವಿ ಪರೀಕ್ಷೆಗೆ ಓದುವುದು ಸುಲಭವಲ್ಲ. ಸಾಧ್ಯವಿದ್ದವರು ಪದವಿ ಮುಗಿಸಿ ಹೋಗುವುದು ಒಳ್ಳೆಯದು. ಆ ಅವಧಿಯಲ್ಲಿಯೇ ಆರು ನಾಟಕಗಳ ಅನುಭವವನ್ನೂ ಗಳಿಸಬಹುದು. ಪ್ರತಿ ಪ್ರಯೋಗದ ಆಹ್ವಾನಪತ್ರಿಕೆ, ಛಾಯಾಚಿತ್ರ, ಪತ್ರಿಕಾ ವರದಿ ಮತ್ತು ನಿರ್ದೇಶಕರ ಪತ್ರವನ್ನು ಜೋಪಾನವಾಗಿ ಕಾಯ್ದಿಡಬೇಕು. ಪ್ರಯೋಗ ನಡೆದು ಮೂರು ವರ್ಷವಾದ ಮೇಲೆ ಇವನ್ನು ಹುಡುಕುವುದು ಕಷ್ಟ.

ಭಾಷೆಯ ವಿಷಯ

ಬೀದರ ಭಾಗದ ಅನೇಕ ಅಭ್ಯರ್ಥಿಗಳು ತಮ್ಮ ಮಾತಿನ ಧಾಟಿಯ ಬಗ್ಗೆ ಸಂಕೋಚಪಡುತ್ತಾರೆ. ಮೈಸೂರು ಕಡೆಯ ಕನ್ನಡ ಬಾರದಿದ್ದರೆ ಆಯ್ಕೆಯಾಗುವುದಿಲ್ಲವೆಂಬುದು ತಪ್ಪು ತಿಳಿವಳಿಕೆ. ಸಂದರ್ಶನದಲ್ಲಿ ಪರೀಕ್ಷಿಸುವುದು ಉಚ್ಚಾರದ ಸ್ಪಷ್ಟತೆ, ಧ್ವನಿ, ಗ್ರಹಣಶಕ್ತಿ ಮತ್ತು ಇತರರೊಡನೆ ಕೂಡಿ ಕೆಲಸ ಮಾಡುವ ಗುಣವನ್ನು. ಅಲ್ಪಪ್ರಾಣ-ಮಹಾಪ್ರಾಣ, ಸ-ಶ-ಷ, ಅ-ಹ ಭೇದಗಳನ್ನು ನಿತ್ಯ ಗಟ್ಟಿಯಾಗಿ ಓದಿ ತಿದ್ದಿಕೊಳ್ಳಬೇಕು. ಊರಿನ ಮಾತನ್ನು ಮಾತ್ರ ಬಿಡಬಾರದು. ಕನ್ನಡ ರಂಗಭೂಮಿಗೆ ಅದೂ ಬೇಕು.

ಔರಾದ, ಕಮಲನಗರ ಮತ್ತು ಭಾಲ್ಕಿಯ ಗಡಿಗ್ರಾಮಗಳಲ್ಲಿ ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಹಿಂದಿ ಅಥವಾ ದಖನಿ ಮಾತನಾಡುವುದು ಸಾಮಾನ್ಯ. ದಕ್ಷಿಣ ಜಿಲ್ಲೆಗಳ ಅಭ್ಯರ್ಥಿಗಳಿಗೆ ದೆಹಲಿಯ ಆಯ್ಕೆಯಲ್ಲಿ ಹಿಂದಿಯೇ ದೊಡ್ಡ ತೊಡಕಾದರೆ, ಈ ಭಾಗದವರಿಗೆ ಅದು ಅರ್ಧ ಕೈಗೆ ಬಂದ ವಿದ್ಯೆ. ಬಿ.ವಿ. ಕಾರಂತರ ಜೀವನ ಇಲ್ಲಿ ಸ್ಮರಣೀಯ. ದಕ್ಷಿಣ ಕನ್ನಡದ ಮಂಚಿಯಿಂದ ಬಾಲ್ಯದಲ್ಲಿಯೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ ಅವರು, ವೀರಣ್ಣನವರ ನೆರವಿನಿಂದ ಬನಾರಸಿಗೆ ಹೋಗಿ ಹಿಂದಿಯಲ್ಲಿ ಎಂ.ಎ. ಪಡೆದರು. ಬಳಿಕ ರಾಷ್ಟ್ರೀಯ ನಾಟಕ ಶಾಲೆಯ ವಿದ್ಯಾರ್ಥಿಯಾಗಿ, 1977ರಿಂದ 1981ರವರೆಗೆ ಅದರ ನಿರ್ದೇಶಕರಾಗಿ, 1989ರಲ್ಲಿ ಆರಂಭವಾದ ರಂಗಾಯಣದ ಪ್ರಥಮ ನಿರ್ದೇಶಕರಾದರು. (ಮನೆ ಬಿಟ್ಟು ಓಡುವ ಭಾಗವನ್ನು ಇಂದಿನ ವಿದ್ಯಾರ್ಥಿಗಳು ಅನುಕರಿಸಬೇಕಾಗಿಲ್ಲ.)

ಮರಾಠಿ ಮಾಧ್ಯಮದಲ್ಲಿ ಓದಿದವರು ಕನ್ನಡದ ರಂಗಶಾಲೆಯನ್ನು ಆರಿಸುವುದಾದರೆ, ನಾಟಕದ ಪಠ್ಯವನ್ನು ಕನ್ನಡ ಲಿಪಿಯಲ್ಲಿ ತಡವರಿಸದೆ ಓದುವಷ್ಟು ಅಭ್ಯಾಸವನ್ನು ಕೆಲವು ತಿಂಗಳು ಮುಂಚಿತವಾಗಿಯೇ ಮಾಡಿಕೊಳ್ಳಬೇಕು. ಪುಣೆ ವಿಶ್ವವಿದ್ಯಾಲಯದ ಲಲಿತ ಕಲಾ ಕೇಂದ್ರ ಮತ್ತು ಮುಂಬಯಿ ವಿಶ್ವವಿದ್ಯಾಲಯದ ರಂಗಕಲಾ ಅಕಾಡೆಮಿಯನ್ನೂ ಅಂತಹವರು ಪರಿಶೀಲಿಸಬಹುದು.

ಸಂದರ್ಶನಕ್ಕೆ ಸಿದ್ಧತೆ

ಚಲನಚಿತ್ರದ ಸಂಭಾಷಣೆಯನ್ನು ನಟನ ಧ್ವನಿಯಲ್ಲಿಯೇ ಒಪ್ಪಿಸುವುದರಿಂದ ಪ್ರಯೋಜನವಿಲ್ಲ. ಎರಡು ಭಿನ್ನ ಸ್ವಭಾವದ ಪಾತ್ರಗಳ ಮಾತುಗಳನ್ನು ಮುದ್ರಿತ ನಾಟಕಗಳಿಂದಲೇ ಆರಿಸಿ, ಇಡೀ ನಾಟಕವನ್ನು ಓದಿಕೊಂಡಿರಬೇಕು. ಪಾತ್ರವು ಆ ಮಾತನ್ನು ಯಾರಿಗೆ, ಏಕೆ ಆಡುತ್ತದೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೀದರ ಜಿಲ್ಲೆಯವರಿಗೆ ಇಲ್ಲೊಂದು ಅನುಕೂಲವಿದೆ. ಗಿರೀಶ ಕಾರ್ನಾಡರ ‘ತಲೆದಂಡ’ (1990), ಪಿ. ಲಂಕೇಶರ ‘ಸಂಕ್ರಾಂತಿ’, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ - ಈ ಮೂರೂ ನಾಟಕಗಳ ವಸ್ತು ಹನ್ನೆರಡನೆಯ ಶತಮಾನದ ಕಲ್ಯಾಣ, ಅಂದರೆ ಇದೇ ಜಿಲ್ಲೆಯ ಬಸವಕಲ್ಯಾಣ. ಮೂರನ್ನೂ ಓದಿ, ಒಂದೇ ಘಟನೆಯನ್ನು ಮೂವರು ಹೇಗೆ ಕಂಡರೆಂದು ತಮ್ಮ ಮಾತಿನಲ್ಲಿ ಹೇಳಬಲ್ಲ ಅಭ್ಯರ್ಥಿಯ ಸಿದ್ಧತೆ ಪ್ರತ್ಯೇಕವಾಗಿ ಕಾಣುತ್ತದೆ. ಒಂದು ಹಾಡು ಕೇಳುವುದು ವಾಡಿಕೆ. ಮನೆಯಲ್ಲಿ ಕೇಳಿ ಬಂದ ತತ್ವಪದವನ್ನಾಗಲಿ, ಮೊಹರಂ ಪದವನ್ನಾಗಲಿ, ಬೀಸುಕಲ್ಲಿನ ಪದವನ್ನಾಗಲಿ ಹಾಡಬಹುದು.

ರಾಷ್ಟ್ರೀಯ ನಾಟಕ ಶಾಲೆಯ ಆಯ್ಕೆ ಎರಡು ಹಂತಗಳಲ್ಲಿ ನಡೆಯುತ್ತದೆ. ಪ್ರಾಥಮಿಕ ಹಂತವು ಬೆಂಗಳೂರು ಸೇರಿದಂತೆ ಹಲವು ನಗರಗಳಲ್ಲಿಯೂ, ಅಂತಿಮ ಹಂತವು ದೆಹಲಿಯಲ್ಲಿ ಕೆಲವು ದಿನಗಳ ಕಾರ್ಯಾಗಾರದ ರೂಪದಲ್ಲಿಯೂ ಇರುತ್ತದೆ. ಮೊದಲ ಪ್ರಯತ್ನದಲ್ಲಿ ಆಯ್ಕೆಯಾಗದವರು ವಯೋಮಿತಿಯೊಳಗೆ ಮತ್ತೆ ಅರ್ಜಿ ಸಲ್ಲಿಸಬಹುದು.

ಪ್ರಮಾಣಪತ್ರಗಳು

ಪ್ರಕಟಣೆಗಳು ಸಾಮಾನ್ಯವಾಗಿ ಬೇಸಿಗೆಯಲ್ಲಿ ಹೊರಬೀಳುತ್ತವೆ. ಅರ್ಜಿಗೆ ದೊರೆಯುವ ಕಾಲಾವಕಾಶ ಕಡಿಮೆ. ಜಾತಿ, ಆದಾಯ ಮತ್ತು ವಾಸಸ್ಥಳ ಪ್ರಮಾಣಪತ್ರಗಳಿಗೆ ನಾಡಕಚೇರಿಯಲ್ಲಿ ಮೊದಲೇ ಅರ್ಜಿ ಸಲ್ಲಿಸತಕ್ಕದ್ದು. ಸಂವಿಧಾನದ 371ಜೆ ವಿಧಿಯಂತೆ ಸ್ಥಳೀಯ ವ್ಯಕ್ತಿ ಅರ್ಹತಾ ಪ್ರಮಾಣಪತ್ರವನ್ನು ಸಂಬಂಧಪಟ್ಟ ಉಪವಿಭಾಗದ ಸಹಾಯಕ ಆಯುಕ್ತರಿಂದ ಪಡೆಯಬೇಕು. ಸರ್ಕಾರಿ ವ್ಯವಸ್ಥೆಯ ಪ್ರವೇಶದಲ್ಲಿ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಮೀಸಲಾತಿ ಇದೆಯಾದರೂ, ಎಲ್ಲ ರಂಗಶಾಲೆಗಳಿಗೂ ಅದು ಅನ್ವಯಿಸುತ್ತದೆಂದು ಭಾವಿಸಬಾರದು. ಪ್ರಕಟಣೆಯನ್ನು ಓದಿ, ಸಂದೇಹವಿದ್ದಲ್ಲಿ ಲಿಖಿತವಾಗಿ ವಿಚಾರಿಸುವುದು ಕ್ಷೇಮ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಆ ವ್ಯಾಸಂಗ ಸೇರಿದೆಯೇ ಎಂಬುದನ್ನೂ ಶುಲ್ಕ ಕಟ್ಟುವ ಮೊದಲೇ ಕೇಳಬೇಕು. ಬೇರೆ ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ವಲಸೆ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ದಾಖಲೆಗಳನ್ನು ಸಂಸ್ಥೆಗೆ ಒಪ್ಪಿಸುವಾಗ ಸ್ವೀಕೃತಿ ಪಡೆಯುವುದನ್ನು ಮರೆಯಬಾರದು.

ಪ್ರಯಾಣ ಮತ್ತು ವಾಸ

ಬೀದರದಿಂದ ಹೈದರಾಬಾದ್ ಸುಮಾರು 140 ಕಿ.ಮೀ., ಬೆಂಗಳೂರು ಸುಮಾರು 700 ಕಿ.ಮೀ. ದೂರದಲ್ಲಿವೆ. ಬೀದರ, ಭಾಲ್ಕಿ ಮತ್ತು ಕಮಲನಗರಗಳಲ್ಲಿ ರೈಲು ನಿಲ್ದಾಣಗಳಿವೆ. ಔರಾದ ಪಟ್ಟಣಕ್ಕೆ ರೈಲು ಸಂಪರ್ಕವಿಲ್ಲದ ಕಾರಣ ಬಸ್ಸಿನಲ್ಲಿ ಬೀದರಕ್ಕೆ ಬಂದು ಹೊರಡಬೇಕು. 2017ರಲ್ಲಿ ಬೀದರ-ಕಲಬುರಗಿ ಮಾರ್ಗ ಉದ್ಘಾಟನೆಯಾದ ನಂತರ ಕಲಬುರಗಿಯ ರೈಲುಗಳನ್ನು ಹಿಡಿಯುವುದೂ ಸುಲಭವಾಗಿದೆ. ರೈಲು ಮುಂಗಡ ಕಾಯ್ದಿರಿಸುವಿಕೆ 2024ರ ನವೆಂಬರ್‌ನಿಂದ 60 ದಿನಗಳಿಗೆ ಸೀಮಿತವಾಗಿದೆ. ಸಂದರ್ಶನದ ಪತ್ರ ಬಂದ ದಿನವೇ ಹೋಗುವ ಮತ್ತು ಬರುವ ಎರಡೂ ಟಿಕೆಟ್‌ಗಳಿಗೆ ಪ್ರಯತ್ನಿಸಬೇಕು. ಹೆಗ್ಗೋಡಿಗೆ ಹೋಗುವವರು ಬೆಂಗಳೂರಿನಿಂದ ತಾಳಗುಪ್ಪ ರೈಲಿನಲ್ಲಿ ಸಾಗರ ಜಂಬಗಾರು ನಿಲ್ದಾಣದಲ್ಲಿಳಿದು ಬಸ್ಸು ಹಿಡಿಯಬಹುದು. ಒಟ್ಟು ಪ್ರಯಾಣಕ್ಕೆ ಎರಡು ರಾತ್ರಿ ಬೇಕಾಗಬಹುದೆಂದು ಲೆಕ್ಕ ಹಾಕಿಕೊಳ್ಳುವುದು ಲೇಸು.

ತರಗತಿಗಳು ಆರಂಭವಾಗುವುದು ಮಳೆಗಾಲದಲ್ಲಿ. ಬೀದರದ ಮಳೆಗೂ ಸಾಗರದ ಮಳೆಗೂ ಹೋಲಿಕೆಯೇ ಇಲ್ಲ. ಒಗೆದ ಬಟ್ಟೆ ವಾರವಾದರೂ ಒಣಗದಿರುವುದನ್ನು ಬಿಸಿಲುನಾಡಿನಿಂದ ಹೋದವರು ಮೊದಲ ಬಾರಿಗೆ ಕಾಣುತ್ತಾರೆ. ಗಟ್ಟಿಯಾದ ಕೊಡೆ, ಹೊದಿಕೆ, ತಾಲೀಮಿಗೆ ಸಡಿಲವಾದ ಹತ್ತಿ ಬಟ್ಟೆ ಮೂರು ನಾಲ್ಕು ಜೊತೆ, ವೈದ್ಯರು ಬರೆದುಕೊಟ್ಟ ಔಷಧಗಳು ಜೊತೆಗಿರಲಿ. ಜೋಳದ ರೊಟ್ಟಿಗೆ ಬದಲಾಗಿ ಎರಡು ಹೊತ್ತೂ ಅನ್ನ ಉಣ್ಣಬೇಕಾಗಬಹುದು. ಮೊದಲ ತಿಂಗಳು ಖಟಕ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಗಂಟು ನೆರವಿಗೆ ಬರುತ್ತದೆ. ಅಸ್ತಮಾ, ಬೆನ್ನುನೋವು ಮುಂತಾದ ತೊಂದರೆಗಳಿದ್ದಲ್ಲಿ ಸಂದರ್ಶನದಲ್ಲಿಯೇ ತಿಳಿಸತಕ್ಕದ್ದು. ಮುಚ್ಚಿಟ್ಟರೆ ದೇಹಶ್ರಮದ ತರಗತಿಗಳಲ್ಲಿ ಅಪಾಯವಾಗಬಹುದು.

ಪಾಲಕರಿಗೆ

ಮಗನನ್ನಾಗಲಿ ಮಗಳನ್ನಾಗಲಿ ನಾಟಕ ಕಲಿಯಲು ಕಳುಹಿಸಲು ಹಿಂಜರಿಯುವುದು ಸಹಜ. ಡಿಪ್ಲೊಮಾದೊಂದಿಗೆ ಉದ್ಯೋಗ ಖಚಿತವೆಂದು ಯಾವ ಸಂಸ್ಥೆಯೂ ಹೇಳಲಾರದು, ಹೇಳಿದರೆ ನಂಬಬಾರದು. ಕಲಿತವರಿಗೆ ಇರುವ ಮಾರ್ಗಗಳೆಂದರೆ ನೀನಾಸಂ 1985ರಿಂದ ನಡೆಸುತ್ತಿರುವ ತಿರುಗಾಟ, ಸಾಣೇಹಳ್ಳಿಯ ಶಿವಸಂಚಾರ, ಕಲಬುರಗಿಯದೂ ಸೇರಿದಂತೆ ರಂಗಾಯಣಗಳಂತಹ ವೃತ್ತಿತಂಡಗಳು, ಶಾಲೆಗಳಲ್ಲಿ ರಂಗತರಬೇತಿ ಹಾಗೂ ದೃಶ್ಯಮಾಧ್ಯಮ. ಇವುಗಳ ಆದಾಯ ಏರಿಳಿತದ್ದು. ಈ ಮಾತನ್ನು ಹೊರಡುವ ಮೊದಲೇ ಮನೆಯಲ್ಲಿ ಬಿಚ್ಚಿ ಆಡುವುದು ಅಗತ್ಯ. ಒಂದು ವರ್ಷದ ಖರ್ಚನ್ನು ಯಾರು, ಹೇಗೆ ಭರಿಸುವರೆಂಬುದೂ ಆಗಲೇ ತೀರ್ಮಾನವಾಗಲಿ.

ಹೆಣ್ಣುಮಕ್ಕಳ ಪಾಲಕರು ಪ್ರವೇಶದ ದಿನ ಜೊತೆಯಲ್ಲಿಯೇ ಹೋಗಿ ವಸತಿಗೃಹವನ್ನು ನೋಡಿ ಬರುವುದು ಉತ್ತಮ. ರಾತ್ರಿಯ ತಾಲೀಮು ಮುಗಿದ ಮೇಲೆ ಕೊಠಡಿಗೆ ಮರಳುವ ವ್ಯವಸ್ಥೆ ಏನು, ಪ್ರದರ್ಶನಕ್ಕೆ ಪರಸ್ಥಳಕ್ಕೆ ಹೋದಾಗ ತಂಗುವುದೆಲ್ಲಿ ಎಂದು ಕೇಳಲು ಸಂಕೋಚ ಬೇಡ. 2013ರ ಲೈಂಗಿಕ ಕಿರುಕುಳ ತಡೆ ಅಧಿನಿಯಮವು ಶಿಕ್ಷಣ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಆಂತರಿಕ ದೂರು ಸಮಿತಿಯ ಸದಸ್ಯರ ಹೆಸರು ಮತ್ತು ದೂರವಾಣಿ ಸಂಖ್ಯೆಯನ್ನು ಪಡೆದು ಮನೆಯಲ್ಲಿಯೂ ಒಂದು ಪ್ರತಿ ಇಟ್ಟುಕೊಳ್ಳತಕ್ಕದ್ದು.

ಪ್ರವೇಶ ಪ್ರಕಟಣೆಗಳು ಕನ್ನಡ ದಿನಪತ್ರಿಕೆಗಳಲ್ಲಿಯೂ ಆಯಾ ಸಂಸ್ಥೆಗಳ ಜಾಲತಾಣಗಳಲ್ಲಿಯೂ ಹೊರಬರುತ್ತವೆ. ಜಿಲ್ಲೆಯಲ್ಲಿ ನಡೆಯುವ ರಂಗ ಶಿಬಿರಗಳು ಮತ್ತು ನಾಟಕ ಪ್ರದರ್ಶನಗಳ ಬಗ್ಗೆ ಬೀದರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕಚೇರಿ ವೇಳೆಯಲ್ಲಿ ವಿಚಾರಿಸಬಹುದಾಗಿದೆ.